ಗ್ರೇವಿ ಹುಟ್ಟುವುದು ಟ್ರೇ ತಳದಲ್ಲಿ

ಇಂಗ್ಲೆಂಡಿನ ಮನೆಗಳಲ್ಲಿ ಭಾನುವಾರ ಮಧ್ಯಾಹ್ನದ ಊಟವೆಂದರೆ ರೋಸ್ಟ್. ಓವನ್ನಿನಲ್ಲಿ ಇಡಿಯಾಗಿ ಬೇಯಿಸಿದ ಬೀಫಿನ ದೊಡ್ಡ ತುಂಡೋ, ಕುರಿಯ ತೊಡೆಯೋ, ಕೋಳಿಯೋ ಮೇಜಿನ ನಡುವೆ ಬಂದು ಕೂರುತ್ತದೆ. ಜೊತೆಗೆ ಕೊಬ್ಬಿನಲ್ಲಿ ಗರಿಗರಿಯಾದ ಆಲೂಗಡ್ಡೆ, ನೀರಿನಲ್ಲಿ ಬೇಯಿಸಿದ ಕ್ಯಾರೆಟ್ಟು, ಎಲೆಕೋಸು, ಉಬ್ಬಿ ಬಂದ ಯಾರ್ಕ್‌ಷೈರ್ ಪುಡಿಂಗ್. ಇವಕ್ಕೆ ಖಾರವಿಲ್ಲ, ಮಸಾಲೆಯಿಲ್ಲ. ಉಪ್ಪು, ಕಾಳುಮೆಣಸು ಬಿಟ್ಟರೆ ಹೆಚ್ಚೇನೂ ಬಿದ್ದಿರುವುದಿಲ್ಲ. ಬಿಡಿಬಿಡಿಯಾಗಿ ಕುಳಿತ ಈ ಪದಾರ್ಥಗಳನ್ನು ಒಂದು ಊಟವಾಗಿ ಕೂಡಿಸುವುದು, ಮೂತಿಯಿರುವ ಪುಟ್ಟ ಜಗ್ಗಿನಲ್ಲಿ ಬರುವ ಕಂದುಬಣ್ಣದ ಬಿಸಿ ಗ್ರೇವಿ. ನಮ್ಮ ಹೋಟೆಲುಗಳ ಗ್ರೇವಿ ಈರುಳ್ಳಿ, ಟೊಮೆಟೊ, ಗೋಡಂಬಿ ರುಬ್ಬಿ ಕುದಿಸಿದ್ದು. ಪನ್ನೀರಿಗೂ ಅದೇ, ಕೋಳಿಗೂ ಅದೇ. ಇಂಗ್ಲೆಂಡಿನ ಗ್ರೇವಿಯ ಜಾತಕವೇ ಬೇರೆ. ಅದರ ಮುಖ್ಯ ಪದಾರ್ಥ ಅಂಗಡಿಯಲ್ಲಿ ಸಿಗುವುದಿಲ್ಲ. ಮಾಂಸ ಬೇಯುವಾಗ ಟ್ರೇಗೆ ಏನು ಇಳಿಯಿತೋ ಅದೇ ಆಧಾರ. ಅಡುಗೆ ಪುಸ್ತಕಗಳು ಈ ಗ್ರೇವಿಯನ್ನು ಕೊಬ್ಬು, ಹಿಟ್ಟು, ನೀರು ಈ ಮೂರರ ಅಳತೆಯಾಗಿ ಹೇಳಿಕೊಡುತ್ತವೆ. ಅಳತೆ ಸರಿಯೇ. ಆದರೆ ಅದರಿಂದ ನಿಶ್ಚಯವಾಗುವುದು ಗ್ರೇವಿ ಎಷ್ಟು ಮಂದವಾಗಿದೆ ಎಂಬುದಷ್ಟೇ. ಗ್ರೇವಿಗೆ ರುಚಿಯಿದೆಯೋ ಇಲ್ಲವೋ ಎಂಬುದು ಹಿಟ್ಟಿನ ಡಬ್ಬದ ಮುಚ್ಚಳ ತೆಗೆಯುವ ಮೊದಲೇ, ಟ್ರೇ ತಳಕ್ಕೆ ಅಂಟಿದ ತೆಳುವಾದ ಕಂದು ಪದರದಲ್ಲಿ ತೀರ್ಮಾನವಾಗಿ ಹೋಗಿರುತ್ತದೆ.

ಓವನ್ನಿನ ಬಿಸಿಗೆ ಮಾಂಸದಿಂದ ಎರಡು ಬಗೆಯ ದ್ರವ ಇಳಿಯುತ್ತದೆ. ಒಂದು, ನೆಣ ಕರಗಿ ಆದ ಕೊಬ್ಬು. ಇನ್ನೊಂದು, ಮಾಂಸದ ರಸ. ಕೊಬ್ಬಿಲ್ಲದ ಹಸಿ ಮಾಂಸದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಮಾಂಸದ ಒಳಗಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಸ್ನಾಯುವಿನ ಎಳೆಗಳನ್ನು ಸುತ್ತಿಕೊಂಡ ಕೊಲಾಜೆನ್ ಪೊರೆ ಕುಗ್ಗುತ್ತದೆ, ಒಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಆ ನೀರಿನೊಂದಿಗೆ ಕರಗಿದ ಪ್ರೊಟೀನು, ಅಮೈನೋ ಆಮ್ಲ, ಅಲ್ಪಸ್ವಲ್ಪ ಸಕ್ಕರೆ, ಲವಣಗಳೂ ಹೊರಬರುತ್ತವೆ. ಟ್ರೇಗೆ ಬಿದ್ದ ರಸದಲ್ಲಿ ನೀರಿರುವಷ್ಟು ಹೊತ್ತು ಅದರ ಬಿಸಿ 100 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ, ಬಣ್ಣ ಬದಲಾಗುವುದಿಲ್ಲ. ನೀರು ಆರಿದ ಮೇಲೆ ಉಳಿದ ಅಂಟು ಬೇಗ ಕಾಯುತ್ತದೆ. 140 ಡಿಗ್ರಿಯ ಆಸುಪಾಸಿಗೆ ಬಂದಾಗ ಅಮೈನೋ ಆಮ್ಲಗಳೂ ಸಕ್ಕರೆಯೂ ಬಿರುಸಾಗಿ ಸೇರಿಕೊಂಡು ಕಂದುಬಣ್ಣವನ್ನೂ ನೂರಾರು ಬಗೆಯ ಪರಿಮಳ ವಸ್ತುಗಳನ್ನೂ ಹುಟ್ಟಿಸುತ್ತವೆ. ಫ್ರಾನ್ಸಿನ ವೈದ್ಯ, ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮಯಾರ್ 1912ರಲ್ಲಿ ಇದನ್ನು ವರದಿ ಮಾಡಿದ್ದರಿಂದ ಇದಕ್ಕೆ ಮಯಾರ್ ಕ್ರಿಯೆ ಎಂಬ ಹೆಸರು ಬಂತು. ಅದು ಯಾವ ಯಾವ ಹಂತಗಳಲ್ಲಿ ನಡೆಯುತ್ತದೆ ಎಂಬ ನಕ್ಷೆಯನ್ನು ಅಮೆರಿಕದ ಜಾನ್ ಹಾಡ್ಜ್ 1953ರಲ್ಲಿ ಕೊಟ್ಟರು. ದೋಸೆಯ ತಳ ಕೆಂಪಗಾಗುವುದರಲ್ಲೂ ಕಾಫಿಬೀಜ ಹುರಿದಾಗ ಬರುವ ಘಮದಲ್ಲೂ ಇದೇ ಕ್ರಿಯೆ ಕೆಲಸ ಮಾಡುತ್ತದೆ. ರೋಸ್ಟಿನ ಹೊರಮೈಯಲ್ಲಿ ಇದು ನಡೆದಾಗ ನಾವು ತಿನ್ನುತ್ತೇವೆ. ಟ್ರೇ ತಳದಲ್ಲಿ ನಡೆದಾಗ, ಗ್ರೇವಿ ಮಾಡದ ಮನೆಯಲ್ಲಿ, ಅದು ಸಿಂಕಿಗೆ ಹೋಗುತ್ತದೆ.

ಹಳೆಯ ನಂಬಿಕೆಯೊಂದು ಇಲ್ಲಿ ಅಡ್ಡ ಬರುತ್ತದೆ. ಮಾಂಸವನ್ನು ಮೊದಲು ಜೋರು ಬಿಸಿಗೆ ಒಡ್ಡಿದರೆ ಹೊರಮೈ ಬಿಗಿದುಕೊಂಡು ರಸವನ್ನು ಒಳಗೇ ಹಿಡಿದಿಡುತ್ತದೆ ಎಂದು ಎಷ್ಟೋ ಅಡುಗೆಯವರು ಈಗಲೂ ಹೇಳುತ್ತಾರೆ. ಈ ಮಾತಿಗೆ ವಿಜ್ಞಾನದ ಮುದ್ರೆ ಬಿದ್ದದ್ದು 1847ರಲ್ಲಿ, ಜರ್ಮನಿಯ ಹೆಸರಾಂತ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಆಹಾರದ ರಸಾಯನಶಾಸ್ತ್ರದ ಬಗ್ಗೆ ಬರೆದಾಗ. ಲೀಬಿಗ್ ಹೇಳಿದರೆಂದ ಮೇಲೆ ಯುರೋಪಿನ ಅಡುಗೆಮನೆಗಳು ಅದನ್ನು ಒಪ್ಪಿಕೊಂಡವು. 20ನೇ ಶತಮಾನದಲ್ಲಿ ಮಾಂಸವನ್ನು ಬೇಯಿಸುವ ಮೊದಲೂ ಬೆಂದ ಮೇಲೂ ತೂಗಿ ನೋಡಿದ ಪ್ರಯೋಗಗಳು ಈ ನಂಬಿಕೆಯನ್ನು ಅಲ್ಲಗಳೆದವು. 1984ರಲ್ಲಿ ಬಂದ ಹೆರಾಲ್ಡ್ ಮೆಕ್‌ಗೀ ಅವರ ‘ಆನ್ ಫುಡ್ ಅಂಡ್ ಕುಕಿಂಗ್’ ಪುಸ್ತಕ ಆ ಸಂಗತಿಯನ್ನು ಸಾಮಾನ್ಯ ಓದುಗರವರೆಗೆ ತಂದಿತು. ಕೆಂಪಗಾದ ಹೊರಮೈ ನೀರನ್ನು ತಡೆಯುವುದಿಲ್ಲ. ಬಿಸಿ ಬಾಣಲೆಯಲ್ಲಿ ಮಾಂಸ ಚುಂಯ್‌ಗುಟ್ಟುವ ಸದ್ದೇ ನೀರು ಹೊರಬರುತ್ತಿರುವುದರ ಗುರುತು. ಪ್ರಯೋಗಶಾಲೆಯ ತಕ್ಕಡಿಯೂ ಬೇಕಿಲ್ಲ, ರೋಸ್ಟಿನ ಟ್ರೇ ಸಾಕು: ರಸವೆಲ್ಲ ಒಳಗೇ ಉಳಿಯುವುದಾಗಿದ್ದರೆ ಟ್ರೇ ತಳ ಕಂದಾಗುವುದು ಎಲ್ಲಿಂದ? ಬೇಯುವ ಮಾಂಸ ರಸ ಕಳೆದುಕೊಂಡೇ ತೀರುತ್ತದೆ. ಬೆಂದಷ್ಟೂ ಅದು ಒಣಗುತ್ತದೆ. ಹೀಗೆ ಕಳೆದುಹೋದದ್ದನ್ನು ಟ್ರೇಯಿಂದ ಎತ್ತಿ ಮತ್ತೆ ಅದೇ ಮಾಂಸದ ಮೇಲೆ ಸುರಿಯುವ ಉಪಾಯವೇ ಗ್ರೇವಿ. ಇದನ್ನು ಒಪ್ಪಿಕೊಂಡರೆ ಗ್ರೇವಿಯನ್ನು ನೋಡುವ ಕಣ್ಣೇ ಬದಲಾಗುತ್ತದೆ. ಅದು ಮಾಂಸದ ಪಕ್ಕದಲ್ಲಿ ಇಡುವ ಇನ್ನೊಂದು ಬಗೆಯಾಗಿ ಉಳಿಯದೆ, ಮಾಂಸದ್ದೇ ಒಂದು ಪಾಲಾಗುತ್ತದೆ.

ಚರಿತ್ರೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ, ಆದರೆ ಅಷ್ಟು ಸರಳವಾಗಿ ಅಲ್ಲ. ಓವನ್ ಮನೆಮನೆಗೆ ಬರುವ ಮುಂಚೆ ರೋಸ್ಟ್ ಎಂದರೆ ಕಬ್ಬಿಣದ ಸಲಾಕೆಗೆ ಚುಚ್ಚಿದ ಮಾಂಸವನ್ನು ಉರಿಯುವ ಬೆಂಕಿಯ ಮುಂದೆ ತಿರುಗಿಸುತ್ತಾ ಬೇಯಿಸುವುದು. ಕೆಳಗೆ ಒಂದು ಅಗಲ ತಟ್ಟೆ ಇಟ್ಟು ಇಳಿಯುವ ಕೊಬ್ಬು, ರಸ ಹಿಡಿಯುತ್ತಿದ್ದರು. ಯಾರ್ಕ್‌ಷೈರ್ ಪುಡಿಂಗ್ ಹುಟ್ಟಿದ್ದೂ ಅದೇ ತಟ್ಟೆಯಲ್ಲಿ: ಮೊಟ್ಟೆ, ಹಾಲು, ಹಿಟ್ಟು ಕಲಸಿ ಅದರೊಳಗೆ ಸುರಿದರೆ ಮೇಲಿಂದ ತೊಟ್ಟಿಕ್ಕುವ ಕೊಬ್ಬಿನಲ್ಲಿ ಅದು ಬೇಯುತ್ತಿತ್ತು. 1747ರಲ್ಲಿ ಹ್ಯಾನಾ ಗ್ಲಾಸ್ ಬರೆದ ಅಡುಗೆ ಪುಸ್ತಕದಲ್ಲಿ ಈ ಪುಡಿಂಗಿನ ವಿಧಾನವಿದೆ. ಅದೇ ಪುಸ್ತಕದಲ್ಲಿ ಫ್ರೆಂಚ್ ಬಾಣಸಿಗರ ದುಂದುವೆಚ್ಚದ ಸಾಸುಗಳ ಮೇಲೆ ಆಕೆ ಹರಿಹಾಯ್ದದ್ದೂ ಪ್ರಸಿದ್ಧ. ಹಾಗೆಂದು ಆ ಕಾಲದ ಇಂಗ್ಲಿಷ್ ಗ್ರೇವಿಯೆಲ್ಲ ಮಿತವ್ಯಯದ್ದೇ ಎಂದುಕೊಂಡರೆ ತಪ್ಪು. ಉಳ್ಳವರ ಅಡುಗೆಮನೆಯಲ್ಲಿ ಗ್ರೇವಿಗೆಂದೇ ಬೇರೆ ಮಾಂಸ ತರುತ್ತಿದ್ದರು. ಅದನ್ನು ತುಂಡರಿಸಿ, ಪಾತ್ರೆಯಲ್ಲಿ ಕಂದಾಗುವವರೆಗೆ ಹುರಿದು, ನೀರು ಹಾಕಿ ಸಾರವೆಲ್ಲ ಇಳಿಯುವಷ್ಟು ಹೊತ್ತು ಕುದಿಸಿ ಸೋಸುತ್ತಿದ್ದರು. ಬೆಂಕಿಯ ಮುಂದಿನ ತಟ್ಟೆ ಓವನ್ನಿನ ಟ್ರೇಯಷ್ಟು ಕಾಯುವುದಿಲ್ಲ. ಅದರಲ್ಲಿ ಕೊಬ್ಬು ಸಿಗುತ್ತಿತ್ತು, ದಟ್ಟ ಕಂದು ಪದರ ಸಿಗುವುದು ಕಷ್ಟ. ಆದ್ದರಿಂದ ಆ ಪದರವನ್ನು ಬೇರೆ ಪಾತ್ರೆಯಲ್ಲಿ, ಬೇರೆ ಖರ್ಚಿನಲ್ಲಿ ಬೇಕೆಂದೇ ಹುಟ್ಟಿಸಬೇಕಾಗಿತ್ತು. 19ನೇ ಶತಮಾನದಲ್ಲಿ ಕಬ್ಬಿಣದ ಮುಚ್ಚೊಲೆಗಳು ಹರಡಿ, ಮಾಂಸ ಓವನ್ನಿನೊಳಗೆ ಹೋದ ಮೇಲೆ ಟ್ರೇಯೇ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡತೊಡಗಿತು. ಎರಡು ಕಾಲಕ್ಕೂ ಸಮಾನವಾದದ್ದು ಒಂದೇ. ಹ್ಯಾನಾ ಗ್ಲಾಸಳ ಕಾಲದ ಅಡುಗೆಯವರು ದುಡ್ಡು ಕೊಟ್ಟು ಹುಡುಕುತ್ತಿದ್ದುದೂ ಆ ಕಂದು ಪದರವನ್ನೇ.

ಹಿಟ್ಟು ಮುಖ್ಯವೋ ತಳ ಮುಖ್ಯವೋ ಎಂಬುದಕ್ಕೆ ಇನ್ನೂ ನೇರವಾದ ಪರೀಕ್ಷೆ ಬೇಕಾದರೆ ಹಿಟ್ಟೇ ಇಲ್ಲದ ಗ್ರೇವಿಗಳನ್ನು ನೋಡಬೇಕು. ಫ್ರೆಂಚರ ‘ಜು’ ಎಂಬುದು ಟ್ರೇ ತಳವನ್ನು ನೀರಿನಲ್ಲೋ ವೈನಿನಲ್ಲೋ ಕರಗಿಸಿ ಸೋಸಿದ ತೆಳು ರಸ. ಪಿಷ್ಟದ ಗೊಡವೆಯೇ ಇಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಉಪ್ಪು ಹಾಕಿ ಒಣಗಿಸಿದ ಹಂದಿತೊಡೆಯ ಹೋಳುಗಳನ್ನು ಬಾಣಲೆಯಲ್ಲಿ ಹುರಿದು, ತಳಕ್ಕೆ ಕಟುವಾದ ಕಪ್ಪು ಕಾಫಿ ಸುರಿದು ಕೆದಕುತ್ತಾರೆ. ರೆಡ್-ಐ ಗ್ರೇವಿ ಎಂದು ಅದರ ಹೆಸರು. ಅದರಲ್ಲೂ ಹಿಟ್ಟಿಲ್ಲ. ನಮ್ಮ ನೆಲದಲ್ಲೂ ಇಂಥದ್ದಿದೆ. ಬೆಂಗಳೂರಿನ ದಂಡು ಪ್ರದೇಶ, ವೈಟ್‌ಫೀಲ್ಡ್, ಕೋಲಾರದ ಚಿನ್ನದ ಗಣಿ ಇಲ್ಲೆಲ್ಲ ಬಾಳಿದ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಪಾಟ್ ರೋಸ್ಟ್ ಮಾಡುತ್ತಾರೆ. ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಪಾತ್ರೆಯಲ್ಲೇ ಮಾಂಸವನ್ನು ಕಾಳುಮೆಣಸು, ಚಕ್ಕೆ, ಲವಂಗ, ಒಣಮೆಣಸಿನಕಾಯಿ ಹಾಕಿ ಬೇಯಿಸಿ, ನೀರು ಇಂಗಿದ ಮೇಲೆ ಕೊಬ್ಬಿನಲ್ಲೇ ಹೊರಳಿಸಿ ಕೆಂಪಗೆ ಮಾಡುತ್ತಾರೆ. ಆಮೇಲೆ ಮಾಂಸ ತೆಗೆದಿಟ್ಟು ತಳಕ್ಕೆ ಒಂದಿಷ್ಟು ನೀರು ಹಾಕಿ ಕೆದಕಿ ರಸ ಮಾಡುತ್ತಾರೆ. ಮದ್ರಾಸ್ ಸೈನ್ಯದ ಅಧಿಕಾರಿ ಕೆನಿ-ಹರ್ಬರ್ಟ್ 1878ರಲ್ಲಿ ‘ಕಲಿನರಿ ಜಾಟಿಂಗ್ಸ್ ಫಾರ್ ಮದ್ರಾಸ್’ ಎಂಬ ಪುಸ್ತಕ ಬರೆದು ದಕ್ಷಿಣ ಭಾರತದ ಬಂಗಲೆಗಳಿಗೆ ಯುರೋಪಿನ ಅಡುಗೆ ಕಲಿಸಲು ಹೊರಟಿದ್ದರು. ಆದರೆ ಈ ನೆಲದ ಒಲೆಗೆ ಒಗ್ಗಿ ಉಳಿದುಕೊಂಡದ್ದು ಈ ಪಾಟ್ ರೋಸ್ಟಿನಂಥ ಕೂಡುವಿಧಾನ. ಹಾಗೆ ನೋಡಿದರೆ, ಮಸಾಲೆ ತಳ ಹಿಡಿಯುತ್ತಿದ್ದಂತೆ ನೀರು ಚಿಮುಕಿಸಿ ಕೆದಕುವ ಅಭ್ಯಾಸ ಕನ್ನಡನಾಡಿನ ಯಾವ ಬಾಡೂಟದ ಅಡುಗೆಯವರಿಗೂ ಹೊಸದಲ್ಲ. ಹಿಟ್ಟು ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಕೆದಕಿದ ತಳ ಮಾತ್ರ ಎಲ್ಲ ಕಡೆಯೂ ಇದೆ.

ಇದಕ್ಕೆ ತದ್ವಿರುದ್ಧವಾದ ಪರೀಕ್ಷೆ ಪೊಟ್ಟಣದ ಗ್ರೇವಿ. ಉಪ್ಪಿನ ವ್ಯಾಪಾರಕ್ಕೆ ಹೆಸರಾದ ಸೆರೆಬೋಸ್ ಕಂಪನಿ 1908ರಲ್ಲಿ ಬಿಸ್ಟೋ ಎಂಬ ಪುಡಿಯನ್ನು ಬ್ರಿಟನ್ನಿನ ಮಾರುಕಟ್ಟೆಗೆ ತಂದಿತು. 1919ರಲ್ಲಿ ವಿಲ್ ಓವೆನ್ ಎಂಬ ಚಿತ್ರಕಾರ ಬಿಡಿಸಿದ, ಹರಕು ಬಟ್ಟೆಯ ಇಬ್ಬರು ಮಕ್ಕಳು ಗ್ರೇವಿಯ ಘಮಕ್ಕೆ ಮೂಗರಳಿಸಿ ನಿಂತ ಜಾಹೀರಾತು ಆ ದೇಶದ ಅತಿ ಪರಿಚಿತ ಚಿತ್ರಗಳಲ್ಲಿ ಒಂದಾಯಿತು. ಬಿಸಿನೀರು ಸುರಿದು ಕಲಕಿದರೆ ಸಾಕು ಎನ್ನುವ ಹರಳಿನ ರೂಪ 1979ರಲ್ಲಿ ಬಂತು. ಮೂಲ ಪುಡಿಯಲ್ಲಿರುವುದು ಆಲೂಗಡ್ಡೆಯ ಪಿಷ್ಟ, ಉಪ್ಪು, ಗೋಧಿ, ಕ್ಯಾರಮೆಲ್ ಬಣ್ಣ, ಒಂದಿಷ್ಟು ಯೀಸ್ಟು ಮತ್ತು ಈರುಳ್ಳಿಯ ಸಾರ. ಮಾಂಸವೇ ಇಲ್ಲ! ಇದನ್ನು ಕಂಪನಿಯ ಮೋಸವೆಂದು ಹೇಳುತ್ತಿಲ್ಲ. ಮೊದಲಿಗೆ ಆ ಪುಡಿ ಇದ್ದದ್ದು ಟ್ರೇಯ ರಸಕ್ಕೆ ಸೇರಿಸಲಿಕ್ಕೆ, ಬಣ್ಣವನ್ನೂ ಮಂದವನ್ನೂ ಉಪ್ಪನ್ನೂ ಒಟ್ಟಿಗೆ ಕೊಡಲಿಕ್ಕೆ. ರುಚಿ ಟ್ರೇಯಿಂದಲೇ ಬರಬೇಕಿತ್ತು. ಕಾಲ ಕಳೆದಂತೆ ಟ್ರೇ ಬಿಟ್ಟುಹೋಗಿ ಪುಡಿ ಮಾತ್ರ ಉಳಿಯಿತು. ಮಾಂಸದ ಸಾರವನ್ನೇ ಮಾರುವ ಪ್ರಯತ್ನವೂ ನಡೆದಿತ್ತು: ಅದೇ ಲೀಬಿಗ್ ಹೆಸರಿನಲ್ಲಿ 1865ರಲ್ಲಿ ಶುರುವಾದ ಕಂಪನಿ ಉರುಗ್ವೆಯ ಫ್ರೈ ಬೆಂಟೋಸ್ ಎಂಬ ಊರಿನಲ್ಲಿ ದನದ ಮಾಂಸವನ್ನು ಕುದಿಸಿ ಬತ್ತಿಸಿ ಅಂಟುಸಾರ ತಯಾರಿಸುತ್ತಿತ್ತು. ಒಂದು ಕಿಲೋ ಸಾರಕ್ಕೆ ಸುಮಾರು 30 ಕಿಲೋ ಮಾಂಸ ಬೇಕಾಗುತ್ತಿತ್ತಂತೆ. 1910ರಲ್ಲಿ ಬಂದ ಆಕ್ಸೋ ಘನ ಆ ಸಾರದ ಬಡವರ ಆವೃತ್ತಿ. ಸಾರ ತೆಗೆಯಲು ಒಂದು ಕಾರ್ಖಾನೆಯೇ ಬೇಕಾಯಿತು ಎಂದರೆ ಭಾನುವಾರದ ಟ್ರೇ ತಳದಲ್ಲಿ ತಾನಾಗಿ ಕೂತಿರುವುದರ ಬೆಲೆ ಎಷ್ಟೆಂದು ಊಹಿಸಬಹುದು.

ಆದ್ದರಿಂದ ಗ್ರೇವಿಯ ಕೆಲಸ ಮಾಂಸ ಓವನ್ನಿಗೆ ಹೋಗುವಾಗಲೇ ಆರಂಭವಾಗಬೇಕು. ಟ್ರೇ ಮಾಂಸದ ಅಳತೆಗೆ ತಕ್ಕಂತಿರಬೇಕು. ತೀರಾ ಅಗಲವಾದರೆ ಇಳಿದ ರಸ ತೆಳುವಾಗಿ ಹರಡಿ, ಮಾಂಸ ಬೇಯುವ ಮೊದಲೇ ಕರಕಲಾಗುತ್ತದೆ. ಕರಕಲಿನ ಕಹಿಯನ್ನು ಯಾವ ಉಪಾಯದಿಂದಲೂ ಹೋಗಲಾಡಿಸಲಾಗದು. ಅಂಚು ಎತ್ತರವಾದರೆ ಹಬೆ ಒಳಗೇ ನಿಂತು ತಳ ಕಂದಾಗುವುದಿಲ್ಲ. ಮಾಂಸದ ಕೆಳಗೆ ಈರುಳ್ಳಿ, ಕ್ಯಾರೆಟ್ಟನ್ನು ದಪ್ಪದಪ್ಪ ಹೆಚ್ಚಿ ಹಾಸುವ ರೂಢಿಯಲ್ಲಿ ಎರಡು ಲಾಭ: ಅವುಗಳ ಸಕ್ಕರೆ ಬಣ್ಣಕ್ಕೆ ಒದಗುತ್ತದೆ, ಅವುಗಳ ತೇವ ರಸ ಸೀಯದಂತೆ ಕಾಯುತ್ತದೆ. ನಡುವೆ ಒಮ್ಮೆ ಬಾಗಿಲು ತೆರೆದು ನೋಡಿ, ತಳ ಕಪ್ಪಿನ ಕಡೆಗೆ ಹೊರಟಿದ್ದರೆ ಅರ್ಧ ಲೋಟ ನೀರು ಸುರಿಯಬೇಕು. ಬೆಂದ ಮಾಂಸವನ್ನು ಹದಿನೈದಿಪ್ಪತ್ತು ನಿಮಿಷ ಹೊರಗಿಡುವುದು ವಾಡಿಕೆ. ಗ್ರೇವಿ ಮಾಡುವುದು ಆ ಬಿಡುವಿನಲ್ಲೇ. ಟ್ರೇಯನ್ನು ಓರೆ ಮಾಡಿದರೆ ಒಂದು ಮೂಲೆಗೆ ತಿಳಿಯಾದ ಕೊಬ್ಬು ಮೇಲೆ, ಕಂದು ರಸ ಕೆಳಗೆ ನಿಲ್ಲುತ್ತವೆ. ಕೊಬ್ಬನ್ನು ಚಮಚದಿಂದ ಎತ್ತಿ ಬೇರೆ ಬಟ್ಟಲಿಗೆ ಹಾಕಿ, ಎರಡು ದೊಡ್ಡ ಚಮಚದಷ್ಟು ಮಾತ್ರ ಬಿಡಬೇಕು. ಈಗ ಟ್ರೇಯನ್ನು ನೇರವಾಗಿ ಒಲೆಯ ಮೇಲಿಟ್ಟು ನಡು ಉರಿ ಹಾಕಿದರೆ ಉಳಿದ ರಸವೂ ಗುಳ್ಳೆಗುಳ್ಳೆಯಾಗಿ ಕುದಿದು ಇಂಗುತ್ತದೆ; ಗುಳ್ಳೆ ಸಣ್ಣದಾಗುತ್ತಾ ಬಂದು, ಕೊಬ್ಬು ತಿಳಿಯಾಗಿ ಬೇರ್ಪಟ್ಟು, ತಳದಲ್ಲಿ ಬೆಲ್ಲದ ಪಾಕದ ಬಣ್ಣದ ಅಂಟು ಕಾಣಿಸಿಕೊಳ್ಳುತ್ತದೆ. ಅದೇ ಕ್ಷಣಕ್ಕೆ ಎರಡು ದೊಡ್ಡ ಚಮಚ ಮೈದಾ ಉದುರಿಸಿ, ಮರದ ಸಟ್ಟುಗದಿಂದ ಹಸಿವಾಸನೆ ಹೋಗುವವರೆಗೆ ಬಾಡಿಸಬೇಕು. ಆಮೇಲೆ ಅರ್ಧ ಲೀಟರಿನಷ್ಟು ಬಿಸಿ ಮೂಳೆಸಾರನ್ನೋ, ಆಲೂಗಡ್ಡೆ ಬೇಯಿಸಿದ ನೀರನ್ನೋ ಮೊದಲು ಸ್ವಲ್ಪ, ಆಮೇಲೆ ಧಾರಾಳವಾಗಿ ಹಾಕುತ್ತಾ ಮೂಲೆಮೂಲೆ ಕೆದಕಬೇಕು. ಸಟ್ಟುಗದಡಿ ಒರಟಾಗಿ ಸಿಗುತ್ತಿದ್ದ ತಳ ನುಣುಪಾದಾಗ ಸಾರವೆಲ್ಲ ನೀರಿಗೆ ಬಂದಿದೆ ಎಂದರ್ಥ. ನಾಲ್ಕೈದು ನಿಮಿಷ ಕುದಿಸಿ, ಕೆಳಗಿಳಿಸಿ, ಇಷ್ಟು ಹೊತ್ತು ಸುಮ್ಮನಿದ್ದ ಮಾಂಸದ ತಟ್ಟೆಯಲ್ಲಿ ಸೇರಿಕೊಂಡ ಕೆಂಪು ರಸವನ್ನೂ ಸುರಿದು ಸೋಸಿದರೆ ಗ್ರೇವಿ ಸಿದ್ಧ. ಆ ಕೆಂಪು ರಕ್ತವಲ್ಲ, ಸ್ನಾಯುವಿನ ಮಯೋಗ್ಲೋಬಿನ್ ಎಂಬ ಪ್ರೊಟೀನು. ಬಿಸಿ ತಾಗಿದೊಡನೆ ಅದೂ ಕಂದಾಗುತ್ತದೆ.

ಮೈದಾದ ಪಾತ್ರವನ್ನು ಇಷ್ಟು ಹೊತ್ತು ಕೆಳಗಿಟ್ಟು ಮಾತಾಡಿದ್ದಕ್ಕೆ ಅದರ ಗುಣವನ್ನೂ ಹೇಳಬೇಕು, ಏಕೆಂದರೆ ಮನೆಯ ಗ್ರೇವಿಯ ಬಗ್ಗೆ ಇರುವ ಭಯವೆಲ್ಲ ಗಂಟಿನ ಭಯ. ಗೋಧಿಯ ಪಿಷ್ಟದ ಕಣಗಳು 60 ಡಿಗ್ರಿಯ ಸುಮಾರಿಗೆ ನೀರು ಕುಡಿದು ಉಬ್ಬತೊಡಗುತ್ತವೆ, ಕುದಿಯ ಹತ್ತಿರ ಬಂದಾಗ ಪೂರ್ತಿ ಮಂದವಾಗುತ್ತವೆ. ಒಣ ಹಿಟ್ಟನ್ನು ಬಿಸಿನೀರಿಗೆ ನೇರವಾಗಿ ಹಾಕಿದರೆ ಹೊರಗಿನ ಕಣಗಳು ತಕ್ಷಣ ಉಬ್ಬಿ ಅಂಟಿಕೊಂಡು ಗೋಡೆ ಕಟ್ಟುತ್ತವೆ, ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ಗಂಟು ಎಂದರೆ ಇದೇ. ಹಿಟ್ಟನ್ನು ಮೊದಲು ಕೊಬ್ಬಿನಲ್ಲಿ ಬಾಡಿಸಿದರೆ ಪ್ರತಿ ಕಣಕ್ಕೂ ಜಿಡ್ಡಿನ ಲೇಪ ಸಿಕ್ಕಿ ಬಿಡಿಬಿಡಿಯಾಗುತ್ತದೆ. ಹಾಗಾಗಿ ಗಂಟಾಗದಿರಲು ಬೇಕಾದದ್ದು ಕೈಚಳಕಕ್ಕಿಂತ ಹೆಚ್ಚಾಗಿ ಕೆಲಸದ ಅನುಕ್ರಮ. ಇಷ್ಟಾದರೂ ಗಂಟಾದರೆ ಜರಡಿ ಇದೆ. ಮೈದಾ ಹೆಚ್ಚು ಕೆಂಪಗೆ ಹುರಿದಷ್ಟೂ ಪರಿಮಳ ಏರುತ್ತದೆ, ಮಂದ ಮಾಡುವ ಶಕ್ತಿ ಇಳಿಯುತ್ತದೆ ಎಂಬುದನ್ನು ನೆನಪಿಡಬೇಕು. ಗೋಧಿ ಒಗ್ಗದವರು ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಕೊನೆಗೆ ಹಾಕಬಹುದು. ಅದು ಹೆಚ್ಚುಕಡಿಮೆ ಶುದ್ಧ ಪಿಷ್ಟವಾದ್ದರಿಂದ ಮೈದಾದ ಅರ್ಧದಷ್ಟು ಸಾಕು, ಗ್ರೇವಿ ಹೊಳೆಯುತ್ತದೆ. ಜಗ್ಗಿನಲ್ಲಿ ಆರುತ್ತಾ ಗ್ರೇವಿ ಇನ್ನಷ್ಟು ಮಂದವಾಗುತ್ತದೆ. ಒಲೆಯ ಮೇಲೆ ಸ್ವಲ್ಪ ತೆಳುವೆನಿಸಿದಾಗಲೇ ಇಳಿಸುವುದು ಲೇಸು.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಗಟ್ಟಿಯಾದದ್ದು ಪ್ರಮಾಣದ್ದು. ಒಂದು ಕೋಳಿಯಿಂದ ಟ್ರೇಗೆ ಇಳಿಯುವ ರಸ ಕೆಲವೇ ಚಮಚ. ಎಂಟು ಜನರಿಗೆ ಅದು ಹೇಗೆ ಸಾಕು? ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಟರ್ಕಿ ಬೇಯಿಸುವ ಅಮೆರಿಕದ ಮನೆಗಳಿಗಂತೂ ಈ ಪ್ರಶ್ನೆ ಪ್ರತಿ ವರ್ಷದ್ದು, ಏಕೆಂದರೆ ಅಲ್ಲಿ ಹಿಸುಕಿದ ಆಲೂಗಡ್ಡೆಗೂ ಗ್ರೇವಿ ಬೇಕು, ಒಣಗಿದ ಎದೆಮಾಂಸಕ್ಕೂ ಬೇಕು. ಇದಕ್ಕೆ ಉತ್ತರ ಅವರ ಅಡುಗೆಮನೆಯಲ್ಲೇ ಇದೆ. ಟರ್ಕಿಯ ಕತ್ತು, ಗುಂಡಿಗೆ, ಜಠರ, ರೆಕ್ಕೆಯ ತುದಿಗಳನ್ನು ಈರುಳ್ಳಿಯೊಂದಿಗೆ ಕೆಂಪಗೆ ಹುರಿದು ಒಂದೆರಡು ಗಂಟೆ ಸಣ್ಣ ಉರಿಯಲ್ಲಿ ಕುದಿಸಿದರೆ ಎರಡು ಲೀಟರ್ ಒಳ್ಳೆಯ ಸಾರು ಸಿಗುತ್ತದೆ. ಅದನ್ನು ಹಿಂದಿನ ದಿನವೇ ಮಾಡಿಡಬಹುದು. ಮರುದಿನ ಟ್ರೇ ತಳ ಕೆದಕಲು ಆ ಸಾರನ್ನೇ ಬಳಸುತ್ತಾರೆ. ಇದು ಗ್ರೇವಿಗೆಂದೇ ಮಾಂಸ ಹುರಿಯುತ್ತಿದ್ದ 18ನೇ ಶತಮಾನದ ವಿಧಾನ, ದುಂದುಗಾರಿಕೆಯನ್ನು ಕಳೆದು, ತಿನ್ನದ ಭಾಗಗಳಿಂದಲೇ ಮಾಡಿದ್ದು. ಪ್ರಮಾಣದ ಕೊರತೆಯನ್ನು ತುಂಬಿದ್ದೂ ಮತ್ತೆ ಕಂದಾದ ಮಾಂಸ, ಮೂಳೆಗಳೇ ಎನ್ನುವುದನ್ನು ಗಮನಿಸಬೇಕು. ಬರೀ ನೀರು, ಹಿಟ್ಟು ಸೇರಿಸಿ ಹಿಗ್ಗಿಸಿದರೆ ಪ್ರಮಾಣ ಬರುತ್ತದೆ, ರುಚಿ ತೆಳ್ಳಗಾಗುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಪೂರ್ಣ ಉತ್ತರವಿಲ್ಲ ಎಂದು ಒಪ್ಪಿಕೊಳ್ಳಬೇಕು. ಈಚಿನ ಅಡುಗೆಯವರಲ್ಲಿ ಹಲವರು ಬೀಫನ್ನು 100, 120 ಡಿಗ್ರಿಯಂಥ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಮಾಂಸ ಅಂಚಿನಿಂದ ನಡುವಿನವರೆಗೆ ಒಂದೇ ಹದದಲ್ಲಿ ಮೆತ್ತಗೆ ಬರುತ್ತದೆ, ರಸ ಕಡಿಮೆ ಸೋರುತ್ತದೆ. ಮಾಂಸದ ದೃಷ್ಟಿಯಿಂದ ಇದು ಉತ್ತಮ ಪದ್ಧತಿ. ಆದರೆ ಟ್ರೇ ತಳ ಬೋಳಾಗಿರುತ್ತದೆ. ಇಳಿದ ಸ್ವಲ್ಪ ರಸಕ್ಕೂ ಕಂದಾಗುವಷ್ಟು ಬಿಸಿ ಸಿಕ್ಕಿರುವುದಿಲ್ಲ. ಇಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕು. ಹಾಗೆ ಬೇಯಿಸುವವರು ಗ್ರೇವಿಗೆ ಮೂಳೆ, ಚೂರುಮಾಂಸವನ್ನು ಬೇರೆ ಟ್ರೇಯಲ್ಲಿ ಜೋರು ಬಿಸಿಗೆ ಇಟ್ಟು ಕೆಂಪಗೆ ಮಾಡಿಕೊಳ್ಳುವುದು ಅನಿವಾರ್ಯ. ಉಪ್ಪುನೀರಿನಲ್ಲಿ ನೆನೆಸಿದ ಟರ್ಕಿಯದು ಬೇರೆ ತೊಂದರೆ: ಅದರ ರಸ ಮೊದಲೇ ಉಪ್ಪಾಗಿರುತ್ತದೆ, ಬತ್ತಿಸಿದರೆ ಬಾಯಿಗಿಡಲಾಗದು. ಅಂಥ ಟ್ರೇಗೆ ಉಪ್ಪಿಲ್ಲದ ಸಾರು ಹಾಕಬೇಕು, ರಸವನ್ನು ಚಮಚ ಚಮಚವಾಗಿ ರುಚಿ ನೋಡುತ್ತಾ ಸೇರಿಸಬೇಕು.

ಆರೋಗ್ಯದ ಮಾತು ಬಂದಾಗ ಗ್ರೇವಿಯ ಮೇಲೆ ಮೊದಲು ಬೀಳುವ ಆರೋಪ ಕೊಬ್ಬಿನದು. ಪ್ರಾಣಿಜನ್ಯ ಕೊಬ್ಬಿನಲ್ಲಿ ಸ್ಯಾಚುರೇಟೆಡ್ ಅಂಶ ಹೆಚ್ಚಿರುವುದು ನಿಜ. ಆದರೆ ಟ್ರೇಯ ಕೊಬ್ಬೆಲ್ಲ ಗ್ರೇವಿಗೆ ಹೋಗಬೇಕೆಂಬ ನಿಯಮವಿಲ್ಲ. ಮೇಲೆ ಹೇಳಿದ ಅಳತೆಯಲ್ಲಿ ನಾಲ್ಕು ಜನರ ಗ್ರೇವಿಗೆ ಎರಡು ದೊಡ್ಡ ಚಮಚ, ಅಂದರೆ ತಲೆಗೆ ಅರ್ಧ ಚಮಚ. ಹಿಟ್ಟಿಲ್ಲದೆ ತೆಳುರಸ ಮಾಡುವವರು ಅದನ್ನೂ ತೆಗೆದುಬಿಡಬಹುದು, ಏಕೆಂದರೆ ಸಾರ ಇರುವುದು ನೀರಿನ ಪಾಲಿನಲ್ಲಿ, ಕೊಬ್ಬಿನ ಪಾಲಿನಲ್ಲಿ ಅಲ್ಲ. ಉಪ್ಪಿನ ವಿಷಯದಲ್ಲಿ ಮನೆಯ ಗ್ರೇವಿಯದೇ ಮೇಲುಗೈ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಪೊಟ್ಟಣದ ಪುಡಿಯಲ್ಲಿ ಉಪ್ಪೇ ಮುಖ್ಯ ಪದಾರ್ಥಗಳಲ್ಲಿ ಒಂದಾದ್ದರಿಂದ ಅದನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಕಂದಾದದ್ದೂ ಕರಕಲಾದದ್ದೂ ಒಂದೇ ಎಂದು ಹೆದರುವವರಿಗೆ ಹೇಳಬೇಕಾದದ್ದು ಬೇರೆ. ಮಾಂಸ ಸುಟ್ಟು ಕಪ್ಪಾದಾಗ ಹುಟ್ಟುವ ಕೆಲವು ವಸ್ತುಗಳು ಹಾನಿಕರವೆಂಬ ಎಚ್ಚರಿಕೆಗೆ ಆಧಾರವಿದೆ, ಅದಕ್ಕೇ ಕಪ್ಪಾದ ತಳವನ್ನು ಗ್ರೇವಿಗೆ ಬಳಸಬಾರದು. ಅದೃಷ್ಟಕ್ಕೆ ನಾಲಿಗೆಯೂ ಇಲ್ಲಿ ಅದೇ ತೀರ್ಪು ಕೊಡುತ್ತದೆ, ಕರಕಲು ಕಹಿ.

ಸಮಯವೆಲ್ಲಿ ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದು ತಪ್ಪಾಗುತ್ತದೆ. ಪುಡಿ ಗೆದ್ದದ್ದು ಸೋಮಾರಿತನದಿಂದಲ್ಲ. 1940ರ ಮಾರ್ಚಿನಿಂದ 1954ರ ಜುಲೈವರೆಗೆ ಬ್ರಿಟನ್ನಿನಲ್ಲಿ ಮಾಂಸಕ್ಕೆ ಪಡಿತರವಿತ್ತು. ಅಂಗೈಯಗಲದ ತುಂಡಿನಿಂದ ಮನೆಮಂದಿಗೆಲ್ಲ ಗ್ರೇವಿ ಮಾಡಬೇಕಾದ ತಾಯಂದಿರಿಗೆ ಪುಡಿಯ ಬಣ್ಣ, ಮಂದ ದೊಡ್ಡ ಆಸರೆ. ಆ ಕಾಲದಲ್ಲಿ ಬೆಳೆದವರ ನಾಲಿಗೆಗೆ ಆ ರುಚಿಯೇ ಮನೆಯ ರುಚಿಯಾಗಿದ್ದರೆ ಅದನ್ನು ಹೀಗಳೆಯಲು ಯಾರಿಗೂ ಹಕ್ಕಿಲ್ಲ. ಇಂದಿನ ಲೆಕ್ಕ ಮಾತ್ರ ಬೇರೆ. ಎರಡು ಗಂಟೆ ಓವನ್ ಉರಿಸಿ ದೊಡ್ಡ ತುಂಡು ಬೇಯಿಸುವ ಮನೆಯಲ್ಲಿ ಗ್ರೇವಿಗೆ ಬೇಕಾದ ಹೆಚ್ಚಿನ ಸಮಯ ಹತ್ತು ನಿಮಿಷ, ಅದೂ ಮಾಂಸ ಸುಮ್ಮನೆ ಆರುತ್ತಿರುವ ಹತ್ತು ನಿಮಿಷ. ಟ್ರೇ ಕೆದಕಿದ್ದರಿಂದ ತಿಕ್ಕಿ ತೊಳೆಯುವ ಶ್ರಮವೂ ಉಳಿಯುತ್ತದೆ. ರೋಸ್ಟೇ ಮಾಡದ ದಿನ ಸಾಸೇಜಿಗೋ ಆಲೂಗಡ್ಡೆ ಚಿಪ್ಸಿಗೋ ಪುಡಿ ಕಲಸಿಕೊಳ್ಳುವವರೊಂದಿಗೆ ನನಗೆ ಜಗಳವಿಲ್ಲ. ರಸ ತುಂಬಿದ ಟ್ರೇಯನ್ನು ಸಿಂಕಿನಲ್ಲಿ ನೆನೆಹಾಕಿ, ಪಕ್ಕದಲ್ಲೇ ಪುಡಿಗೆ ನೀರು ಕಾಯಿಸುವುದು ಮಾತ್ರ ಕೈಯಾರೆ ಮಾಡಿಕೊಳ್ಳುವ ನಷ್ಟ.

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬೀಫು ತಿನ್ನದವರು, ಮಾಂಸವನ್ನೇ ತಿನ್ನದವರು ಬಹಳ. ಪಬ್ಬಿನ ಭಾನುವಾರದ ಊಟದಲ್ಲಿ ಅವರು ಕೇಳಿ ತಿಳಿಯಬೇಕಾದ ಸಂಗತಿಯೊಂದಿದೆ: ತಟ್ಟೆಗೆ ಕೋಳಿ ಬಂದರೂ ಅದರ ಮೇಲಿನ ಗ್ರೇವಿ ಬೀಫಿನದಾಗಿರಬಹುದು, ಆಲೂಗಡ್ಡೆಯನ್ನೂ ಯಾರ್ಕ್‌ಷೈರ್ ಪುಡಿಂಗನ್ನೂ ಬೀಫ್ ಕೊಬ್ಬಿನಲ್ಲೇ ಬೇಯಿಸಿರಬಹುದು. ಮನೆಯಲ್ಲಿ ಕೋಳಿಯ ರೋಸ್ಟ್ ಮಾಡಿದರೆ ಈ ಅನುಮಾನವೇ ಇಲ್ಲ. ಸಸ್ಯಾಹಾರಿಗಳಿಗೂ ದಾರಿ ಮುಚ್ಚಿಲ್ಲ. ಅಣಬೆ, ಈರುಳ್ಳಿ, ಕ್ಯಾರೆಟ್ಟನ್ನು ಎಣ್ಣೆಯಲ್ಲಿ ತಳ ಹಿಡಿಯುವಷ್ಟು ಹುರಿದು, ಮೈದಾ ಬಾಡಿಸಿ, ತರಕಾರಿ ಬೇಯಿಸಿದ ನೀರಿನಲ್ಲಿ ಕೆದಕಿದರೆ ಮಾಂಸದ್ದಲ್ಲದ, ಆದರೂ ನಿಜವಾದ ಗ್ರೇವಿ ಬರುತ್ತದೆ. ಅಣಬೆಯಲ್ಲಿ ಗ್ಲುಟಮೇಟ್ ಹೇರಳವಾಗಿರುವುದರಿಂದ ನಾಲಿಗೆಗೆ ತುಂಬು ರುಚಿ ಸಿಗುತ್ತದೆ.

ಉಳಿದ ಗ್ರೇವಿಯ ಬಗ್ಗೆ ಎಚ್ಚರ ಬೇಕು. ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯಲ್ಲೂ ಸಾಯದೆ ಉಳಿಯಬಲ್ಲವು. ದೊಡ್ಡ ಪಾತ್ರೆಯ ಗ್ರೇವಿ ಗಂಟೆಗಟ್ಟಲೆ ಉಗುರುಬೆಚ್ಚಗೆ ಕುಳಿತರೆ ಅವು ಮೊಳೆತು ವೇಗವಾಗಿ ಹೆಚ್ಚುತ್ತವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಗಮನಿಸಿರುವಂತೆ ಇದರಿಂದಾಗುವ ಹೊಟ್ಟೆಕೆಡುವ ಪ್ರಕರಣಗಳು ನವೆಂಬರ್, ಡಿಸೆಂಬರಿನ ಹಬ್ಬದೂಟಗಳ ಹೊತ್ತಿಗೆ ಹೆಚ್ಚು. ಊಟ ನಡೆಯುವಾಗ ಗ್ರೇವಿ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಊಟವಾದ ಮೇಲೆ ಅಗಲ ಪಾತ್ರೆಗಳಿಗೆ ಹಂಚಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಬೇಕು, ಮತ್ತೆ ಬಳಸುವಾಗ ಬೆಚ್ಚಗಾದರೆ ಸಾಲದು, ಕೊತಕೊತ ಕುದಿಯಬೇಕು. ಮೊದಲೇ ತೆಗೆದಿಟ್ಟ ಕೊಬ್ಬಿನ ಬಟ್ಟಲು ಫ್ರಿಜ್ಜಿನಲ್ಲಿ ರಾತ್ರಿ ಕಳೆದರೆ ಮೇಲೆ ಬಿಳಿ ಕೊಬ್ಬು ಗಟ್ಟಿಯಾಗಿ, ಅಡಿಯಲ್ಲಿ ಕಂದು ಜೆಲ್ಲಿ ಕೂತಿರುತ್ತದೆ. ಉತ್ತರ ಇಂಗ್ಲೆಂಡಿನ ಕಾರ್ಮಿಕರ ಮನೆಗಳಲ್ಲಿ ಇದನ್ನು ಬ್ರೆಡ್ಡಿಗೆ ಸವರಿ, ಮೇಲೆ ಉಪ್ಪು ಉದುರಿಸಿ ತಿನ್ನುತ್ತಿದ್ದರು. ಜೆಲ್ಲಿ ಹೆಚ್ಚಿರುವ ತಳದ ಭಾಗಕ್ಕೆ ಬೇಡಿಕೆ ಜಾಸ್ತಿ. ಆ ಜೆಲ್ಲಿ ಕೊಬ್ಬಿನ ಜೊತೆ ಜಾರಿಹೋದ ಮಾಂಸರಸವೇ. ಎರಡು ಮೂರು ದಿನದೊಳಗೆ ಮತ್ತೆ ರೋಸ್ಟ್ ಮಾಡುವುದಿದ್ದರೆ ಕೊಬ್ಬನ್ನು ಆಲೂಗಡ್ಡೆಗೆ ಇಟ್ಟುಕೊಂಡು ಜೆಲ್ಲಿಯನ್ನು ಹೊಸ ಟ್ರೇಗೆ ಹಾಕಬಹುದು; ಅಷ್ಟು ಬೇಗ ಇಲ್ಲದಿದ್ದರೆ ಪುಟ್ಟ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ, ಡಬ್ಬಿಯ ಮೇಲೆ ತಾರೀಖು ಬರೆದಿಟ್ಟರೆ ಸಾಕು.